ಕೈಯಲ್ಲಿ ವಾಚು, ಎದೆಯಲ್ಲಿ ಪುಕುಪುಕು

"ಅಮ್ಮಾ, ನಿನ್ನ ಹಾರ್ಟ್ ರೇಟ್ 118 ತೋರಿಸ್ತಿದೆ, ಏನಾಯ್ತು?"

"ಏನಿಲ್ಲ ಮಾರಾಯ, ಲಿಫ್ಟ್ ಕೆಟ್ಟಿದೆ. ಮೂರು ಮಹಡಿ ಹತ್ತಿ ಬಂದೆ."

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟರೆ ಪುಣೆಯಲ್ಲಿ ಮಗನಿಗೆ ಗಾಬರಿ. ನನ್ನ ಕೈಯ ವಾಚು ಎಣಿಸಿದ ಎದೆಬಡಿತ ಅವನ ಫೋನಿನ ಆ್ಯಪ್‌ನಲ್ಲಿ ಕಾಣುತ್ತಿತ್ತು. ಕೆಲವು ತಿಂಗಳು ಹೀಗೇ ನಡೆಯಿತು. ಕೆಲಸದವಳ ಹತ್ತಿರ ಜಗಳ ಆಡಿದರೂ ಅವನಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ನನಗೆ ಸಣ್ಣ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ತಡವರಿಸಿತು. ಮನೆಯಲ್ಲಿ ತುಳು, ಮುನಿಸಿಪಲ್ ಶಾಲೆಯಲ್ಲಿ 30 ವರ್ಷ ಪಾಠ ಮಾಡಿದ್ದು ಕನ್ನಡದಲ್ಲಿ, ತರಕಾರಿ ಕೊಳ್ಳುವುದು ಮರಾಠಿಯಲ್ಲಿ. ಮೊದಲ ವಾರ ಮೂರೂ ಕಲಸಿಹೋಗಿ, ನೀರು ಬೇಕಾದಾಗ ಒಂದರಲ್ಲೂ ಪದ ಸಿಗುತ್ತಿರಲಿಲ್ಲ. ಆಮೇಲೆ ಕೈ ಬಂತು, ಮಾತೂ ಬಂತು. ಕಾರಣ ಮಾತ್ರ ಸಿಗಲಿಲ್ಲ.

ಡಾಕ್ಟರಿಗೆ ಅನುಮಾನ ಇದ್ದದ್ದು ಏಟ್ರಿಯಲ್ ಫಿಬ್ರಿಲೇಶನ್ ಮೇಲೆ. ಏಎಫ್ ಅನ್ನುತ್ತಾರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ಅದುರುತ್ತವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಏಎಫ್ ಇದ್ದವರಿಗೆ ಸ್ಟ್ರೋಕಿನ ಅಪಾಯ ಸುಮಾರು 5 ಪಟ್ಟು ಜಾಸ್ತಿ. ಆದರೆ ಇದು ಕಳ್ಳನ ಹಾಗೆ, ಬಂದು ಹೋಗುತ್ತದೆ. ನನಗೆ 24 ಗಂಟೆ ಹೋಲ್ಟರ್, ಅಂದರೆ ಎದೆಬಡಿತ ದಾಖಲಿಸುವ ಸಣ್ಣ ಯಂತ್ರ, ಕಟ್ಟಿದಾಗ ಬರಲೇ ಇಲ್ಲ. ಕಾರಣ ತಿಳಿಯದ ಸ್ಟ್ರೋಕ್ ಆದವರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಗಿತ್ತು. ಚರ್ಮದ ಕೆಳಗೆ ಸಣ್ಣ ಯಂತ್ರ ಇಟ್ಟು ಒಂದು ವರ್ಷ ಕಾದರೆ ನೂರರಲ್ಲಿ 12 ಜನರಲ್ಲಿ ಏಎಫ್ ಸಿಕ್ಕಿತು. ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿದ್ದು ಬರೀ 2. ಅಂದರೆ ಕಾದು ಕೂರಬೇಕು.

ಹಾಗಾಗಿ ಮಗ ವಾಚು ತಂದು ಕಟ್ಟಿದ. ಹಸಿರು ಬೆಳಕು ಬಿಟ್ಟು ರಕ್ತದ ಓಟ ನೋಡುತ್ತದೆ, ಏನಾದರೂ ಏರುಪೇರಾದರೆ ಗುರ್ರ್ ಅನ್ನುತ್ತದೆ.

ಮೊದಲ ಸಲ ಅಂದದ್ದು ರಾತ್ರಿ 2 ಗಂಟೆಗೆ. ಪಕ್ಕದ ಮನೆಯ ಕಾಕೂ ಜೊತೆ ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದೆ. ಇಸಿಜಿ ಸರಿಯಾಗಿತ್ತು. "ನಾರ್ಮಲ್ ಇದೆ ಆಂಟಿ, ಮನೆಗೆ ಹೋಗಿ" ಅಂದರು. ಸರಿ, ಆದರೆ ವಾಚು ಯಾಕೆ ಕೂಗಿತು? ಯಾರೂ ಹೇಳಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ: 4 ಲಕ್ಷಕ್ಕೂ ಜಾಸ್ತಿ ಜನರ ಮೇಲೆ ನಡೆದ ಆಪಲ್ ವಾಚ್ ಅಧ್ಯಯನದಲ್ಲಿ, ಅಲರ್ಟ್ ಬಂದವರಿಗೆ ಎದೆಗೆ ಇಸಿಜಿ ತೆಗೆಯುವ ಪ್ಯಾಚ್ ಅಂಟಿಸಿ ನೋಡಿದರೆ ಮೂವರಲ್ಲಿ ಒಬ್ಬರಿಗಷ್ಟೇ ಆಗ ಏಎಫ್ ಕಂಡಿತ್ತಂತೆ. ಇಷ್ಟನ್ನು ಅವತ್ತೇ ಯಾರಾದರೂ ಹೇಳಿದ್ದರೆ?

ಆ ರಾತ್ರಿಯಿಂದ ನನ್ನ ಕಣ್ಣು ಮಣಿಕಟ್ಟಿನ ಮೇಲೆಯೇ. ಒಗ್ಗರಣೆ ಸೀದುಹೋದರೂ ಪರವಾಗಿಲ್ಲ, ನಂಬರ್ ನೋಡಬೇಕು. ಹೆದರಿದರೆ ಬಡಿತ ಏರುತ್ತದೆ, ಏರಿದ್ದು ಕಂಡರೆ ಇನ್ನೂ ಹೆದರಿಕೆ. ಫಡಕೆ ರಸ್ತೆಯ ಗಣಪತಿ ಗುಡಿಗೆ ನಡೆದು ಹೋಗುವುದನ್ನು ಬಿಟ್ಟೆ. ಟಿವಿಯಲ್ಲಿ ಸಾಬೂನಿನ ಜಾಹೀರಾತು ಬಂದರೂ ಅಳು. ಮನೆಯವರು "ಅಮ್ಮ ಈಗ ತುಂಬಾ ಸೂಕ್ಷ್ಮ ಆಗಿದ್ದಾಳೆ" ಅಂದರು. ಡಾಕ್ಟರು ಬಿಪಿ ಕೇಳಿದರು, ಶುಗರ್ ಕೇಳಿದರು, ವಾಚಿನ ರಿಪೋರ್ಟ್ ಕೇಳಿದರು. ನಿದ್ದೆ ಬರುತ್ತದಾ ಅಂತ ಕೇಳಿದ್ದು ಫಿಸಿಯೋಥೆರಪಿಯ ಹುಡುಗಿ. ಅವಳ ಮುಂದೆ ಅರ್ಧ ಗಂಟೆ ಅತ್ತೆ. ಬಲಗೈ ವ್ಯಾಯಾಮ ಅವತ್ತು ಆಗಲೇ ಇಲ್ಲ.

ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ, ಮನೋವೈದ್ಯರ ಹತ್ತಿರ ಹೋದಾಗ. ಮೆದುಳಿಗೆ ಪೆಟ್ಟಾದಾಗ ಅಳುವಿನ ಕಡಿವಾಣವೂ ಸಡಿಲವಾಗಬಹುದಂತೆ. ಇದು ಹಟವಲ್ಲ, ಸೋಮಾರಿತನವೂ ಅಲ್ಲ. ಔಷಧಿ ಇದೆ.

ವಾಚನ್ನು ಬೈಯುತ್ತಿಲ್ಲ. ಆರನೇ ತಿಂಗಳಲ್ಲಿ ಕಳ್ಳನನ್ನು ಹಿಡಿದದ್ದು ಅದೇ. ವಾಚಿನ ಇಸಿಜಿ ನೋಡಿ ಡಾಕ್ಟರು ಖಾತ್ರಿ ಮಾಡಿಕೊಂಡು, ಆಸ್ಪಿರಿನ್ ಬದಲು ಹೆಪ್ಪುಗಟ್ಟದಂತೆ ತಡೆಯುವ ಬೇರೆ ಮಾತ್ರೆ ಕೊಟ್ಟರು. ನನ್ನ ಜಗಳ ವಾಚು ಕಟ್ಟಿದವರ ಜೊತೆ. ಕಟ್ಟುವಾಗಲೇ ಹತ್ತು ನಿಮಿಷ ಕೂತು ಮಾತಾಡಬೇಕಿತ್ತು. ಗುರ್ರ್ ಅಂದರೆ ಏನು ಮಾಡಲಿ? ಸುಮ್ಮನೆ ಕೂತು, ಬೆಲ್ಟ್ ಬಿಗಿ ಮಾಡಿ, ಇನ್ನೊಮ್ಮೆ ನೋಡಲಾ? ಯಾರಿಗೆ ಫೋನ್ ಮಾಡಲಿ? ಯಾವಾಗ ಓಡಲಿ? ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ವಾಚು ಏನೇ ಹೇಳಲಿ, ಆ ಕ್ಷಣವೇ ಆಸ್ಪತ್ರೆಗೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಇದು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಭಯ ಇದ್ದದ್ದು ಆ ಉಳಿದದ್ದರಲ್ಲೇ.

ಮಗನ ಫೋನಿನಿಂದ ಆ್ಯಪ್ ತೆಗೆಸಿದೆ. ಮುನಿಸಿಕೊಂಡ. "ನಿನ್ನ ಒಳ್ಳೇದಕ್ಕೇ ಅಲ್ವಾ?" ಅಂದ. "ಅರ್ಧ ನಿನ್ನ ನಿದ್ದೆಗೆ" ಅಂದೆ. ಈಗ ತಿಂಗಳಿಗೊಮ್ಮೆ ರಿಪೋರ್ಟ್ ನಾನೇ ಡಾಕ್ಟರಿಗೆ ತೋರಿಸುತ್ತೇನೆ. ಗುಡಿಗೆ ಹೋಗಲು ಶುರು ಮಾಡಿದ್ದೇನೆ, ಕಾಕೂ ಜೊತೆ. ವಾಚನ್ನು ಚಾರ್ಜಿಗೆ ಇಟ್ಟಾಗ ಮಾತ್ರ ಈಗಲೂ ಖಾಲಿ ಮಣಿಕಟ್ಟನ್ನು ಎರಡು ಸಲವಾದರೂ ನೋಡಿಕೊಳ್ಳುತ್ತೇನೆ.