ಮಾಡಿಗೊಂದು ಮಾಡು

ಊರಿನ ಮನೆಯ ಸೂರು ಹೊರುವ ಮರದ ಪಕಾಸಿಗೆ ಗೆದ್ದಲು ಹತ್ತಿ, ಮಾಡು ಇಳಿಸಲೇಬೇಕು ಎಂದಾದಾಗ ನಮ್ಮಲ್ಲಿ ನಡೆದಷ್ಟು ಚರ್ಚೆ ನನ್ನ ಮದುವೆ ಮಾತುಕತೆಯಲ್ಲೂ ನಡೆದಿರಲಿಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಮನೆ ಅಂದರೆ ಮಾಡೇ. ಗೋಡೆಗಳು ಅದನ್ನು ಹೊರುವ ಆಳುಗಳು, ಅಷ್ಟೆ.

ತಮ್ಮ ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಆರ್‌ಸಿಸಿ ತಾರಸಿ ಹಾಕಿಸಿಬಿಟ್ಟ. "ಒಂದ್ಸಲ ಹಾಕಿದ್ರೆ ಮುಗೀತು. ಅಡಿಕೆ ಒಣಗಿಸೋಕೂ ಆಯ್ತು." ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಕೆಳಗಿನ ಮನೆಯವರು ತಾರಸಿ ಮೇಲೆ ಶೀಟು ಯಾಕೆ ಹಾಕಿದಾರೆ ಮಾರಾಯ?" ತಮ್ಮ ಸುಮ್ಮನಾದ. ನಮ್ಮ ಕಡೆ ತಾರಸಿ ಮನೆಯ ಕತೆ ಹೆಚ್ಚುಕಡಿಮೆ ಒಂದೇ. ಮೊದಲ ಮಳೆಗಾಲ ಹೆಮ್ಮೆಯಿಂದ ಕಳೆಯುತ್ತದೆ, ಎರಡನೆಯದಕ್ಕೆ ಪಾಚಿ, ಆಮೇಲೆ ಮೂಲೆಯಲ್ಲಿ ಜಿನುಗು. ಕಡೆಗೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೊಂದು ಶೀಟಿನ ಮಾಡು. ಕಂಬಳಿಕೊಪ್ಪೆ ಹಾಕಿಕೊಂಡವನು ಮೇಲೆ ಕೊಡೆಯನ್ನೂ ಹಿಡಿದಂತೆ.

ಅಪ್ಪಯ್ಯನದು ಹೆಂಚಿನ ಪಕ್ಷ. ನನ್ನದೂ ಅದೇ, ಆದರೆ ನನ್ನ ಕಾರಣ ಬೇರೆ. ಚಿಕ್ಕವನಿದ್ದಾಗ ಅಟ್ಟದ ಮೇಲೆ ಅಂಗಾತ ಮಲಗಿ ಹೆಂಚಿನ ಅಡಿಯ ಉಬ್ಬಕ್ಷರಗಳನ್ನು ಕೂಡಿಸಿ ಓದುತ್ತಿದ್ದೆ: ಬಾಸೆಲ್ ಮಿಶನ್, 1865. ನಮ್ಮ ಮನೆ ಕಟ್ಟಿದ್ದೇ ಆ ವರ್ಷ ಎಂದು ಶಾಲೆಯಲ್ಲಿ ಬಡಾಯಿ ಕೊಚ್ಚಿದ್ದೂ ಆಯಿತು. ಅದು ಆ ಕ್ರೈಸ್ತ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಎಂದು ತಿಳಿಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು.

ಅದಕ್ಕೂ ಮೊದಲು ಊರಲ್ಲಿದ್ದದ್ದು ಸೋಗೆ, ಹುಲ್ಲು, ಅನುಕೂಲಸ್ಥರಿಗೆ ನಾಡಹೆಂಚು. ಕುಂಬಾರ ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಉದ್ದಕ್ಕೆ ಸೀಳಿ ಸುಟ್ಟದ್ದು. ಒಂದರ ಮೇಲೊಂದು ಸುಮ್ಮನೆ ಕವುಚಿ ಕೂರುವ ಜಾತಿ. ಬೆಕ್ಕು ನಡೆದರೂ ಜಾರುತ್ತಿತ್ತು. ವರ್ಷವರ್ಷವೂ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು. ಮಂಗಳೂರು ಹೆಂಚಿಗೆ ಅಂಚಿನಲ್ಲಿ ಸಣ್ಣ ಕಾಲುವೆಯಂಥ ಗಾಡಿಯಿದೆ, ಅಡಿಯಲ್ಲಿ ರೀಪಿನ ಅಡ್ಡಪಟ್ಟಿಗೆ ಸಿಕ್ಕಿಕೊಳ್ಳುವ ಮೊಳೆಯಂಥ ಉಬ್ಬಿದೆ. ಪಕ್ಕದ್ದನ್ನು ಹಿಡಿದು ಕೂರುತ್ತದೆ. ಆದರೆ ಒಂದೊಂದು ಎರಡೂವರೆ ಕೆಜಿ ತೂಗುತ್ತದೆ, 100 ಚದರಡಿಗೆ 140ರ ಹತ್ತಿರ ಬೇಕು. ಅಷ್ಟನ್ನು ಹೊರುವ ಮರಕ್ಕೆ ಈಗ ಕೊಡಬೇಕಾದ ದುಡ್ಡು ಕೇಳಿ ಅಪ್ಪಯ್ಯ ಎಲೆಯಡಿಕೆ ಬಾಯಲ್ಲೇ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದರು.

ಅಮ್ಮ ಅಷ್ಟರವರೆಗೆ ಬಾಯಿ ಬಿಟ್ಟಿರಲಿಲ್ಲ. ಆ ಸಂಜೆ ಹೇಳಿದಳು: "ಹೆಂಚಿನ ಮನೆ ಚಂದ ಅನ್ನೋರು ಯಾರಾದ್ರೂ ನಡುರಾತ್ರಿ ಎದ್ದು ಬೋಗುಣಿ ಇಟ್ಟಿದ್ದೀರಾ?"

ಇಟ್ಟಿರಲಿಲ್ಲ. ಮಂಗ ಹಾರಿ ಹೆಂಚೊಡೆದ ರಾತ್ರಿ ಯಾವ ತೂತಿಗೆ ಚೆಂಬು, ಯಾವುದಕ್ಕೆ ಕೊಡ ಎಂಬ ಲೆಕ್ಕ ಅವಳೊಬ್ಬಳಿಗೇ ಗೊತ್ತಿದ್ದದ್ದು. ಆ ಟಪ್ ಟಪ್ ಕೇಳುತ್ತಾ ನಾವು ಸುಖವಾಗಿ ನಿದ್ದೆ ಹೋಗುತ್ತಿದ್ದೆವು. ಅವಳಿಗೆ ಬೇಕಿದ್ದದ್ದು ಶೀಟು. ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆ ಎಂದೆ. "ಕಾಯ್ಲಿ. ಒಲೆ ಮುಂದೆ ಕೂತವಳಿಗೆ ಅದೇನು ಹೊಸದಾ?"

ಹಾಗಾಗಿ ಅಡುಗೆಮನೆ, ಬಚ್ಚಲು, ನಡುಮನೆಗೆಲ್ಲ ಶೀಟು ಬಂತು. ಜಗಲಿಗೆ ಮಾತ್ರ, ಇಳಿಸಿದ ಹೆಂಚುಗಳಲ್ಲಿ ಗಟ್ಟಿಯಾದವನ್ನು ಆರಿಸಿ, ತೊಳೆದು ಹೊದಿಸಿದೆವು. ನಡುವೆ ಹಳೆಯ ಗಾಜಿನ ಹೆಂಚೊಂದು. ಹೆಂಚಿನ ಆಕಾರದ ಕೆಂಪು ಶೀಟೂ ಸಿಗುತ್ತದೆ ಎಂದು ಅಂಗಡಿಯವನು ತೋರಿಸಿದ. ಅಪ್ಪಯ್ಯ ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ ಕೆಳಗಿಟ್ಟರು.

ಈಗ ಆಷಾಢದಲ್ಲಿ ಫೋನು ಮಾಡಿದರೆ ಮೊದಲು ಕೇಳುವುದು ಶೀಟಿನ ಮೇಲಿನ ಮಳೆ. ನೂರು ಜನ ಒಟ್ಟಿಗೆ ತಮಟೆ ಬಾರಿಸಿದಂತೆ. "ಏನು? ಕೇಳಲ್ಲ, ತಡಿ," ಎಂದು ಅಮ್ಮ ಕೂಗುತ್ತಾಳೆ. ಹೆಜ್ಜೆ ಸಪ್ಪಳ, ಬಾಗಿಲ ಕಿರ್ರ್. ಆಮೇಲೆ ಸದ್ದು ತಗ್ಗಿ, ಹೆಂಚಿನ ಮೇಲಿನ ಮಳೆಯ ಜೊತೆಗೆ ಅವಳ ದನಿ: "ಹಾಂ, ಜಗಲಿಗೆ ಬಂದೆ. ಈಗ ಹೇಳು."