ಮೆದುಳಿನ ಸ್ಕ್ಯಾನ್‌ಗಳನ್ನು ಚಿತ್ರ ಕೊಟ್ಟು ಹುಡುಕುವಂತಾಗಬೇಕೆ?

ಪರ

ಫಿಟ್ಸ್ ಬಂದ ಹುಡುಗನನ್ನು ಜಗಳೂರಿನ ಕಡೆಯಿಂದ ದಾವಣಗೆರೆಗೆ ಕರೆತಂದು ಎಂ.ಆರ್.ಐ. ಮಾಡಿಸಿದಾಗ ಕಾಣಸಿಗುವ ಸಂಗತಿಗಳಲ್ಲಿ ಒಂದು, ಬಟಾಣಿ ಕಾಳಿನಷ್ಟು ದೊಡ್ಡ ಬಿಳಿ ಉಂಗುರ. ಅದು ಲಾಡಿಹುಳುವಿನ ಮರಿ ಇರಬಹುದು, ಕ್ಷಯದ ಗಂಟೂ ಇರಬಹುದು. (ಹಂದಿಮಾಂಸ ತಿನ್ನದವರಿಗೆ ಈ ಹುಳು ಬಾರದೆಂಬ ನಂಬಿಕೆ ತಪ್ಪು, ಅದರ ಮೊಟ್ಟೆ ತೊಳೆಯದ ಸೊಪ್ಪಿನಿಂದಲೂ ಹೊಟ್ಟೆ ಸೇರುತ್ತದೆ.) ಮೊದಲನೆಯದಕ್ಕೆ ಒಂದೆರಡು ವಾರಗಳ ಹುಳುವಿನ ಔಷಧಿ ಸಾಕಾದರೆ, ಎರಡನೆಯದಕ್ಕೆ ವರ್ಷದ ಆಸುಪಾಸಿನವರೆಗೆ ಮಾತ್ರೆ ನುಂಗಬೇಕು. ಉಂಗುರ 20 ಮಿಲಿಮೀಟರ್‌ಗಿಂತ ಚಿಕ್ಕದಾಗಿದ್ದು ಅಂಚು ನುಣುಪಾಗಿದ್ದರೆ ಹುಳುವೆಂದೂ, ದೊಡ್ಡದಾಗಿ ಅಂಕುಡೊಂಕಾಗಿದ್ದರೆ ಕ್ಷಯವೆಂದೂ ವಾಲುವುದು ವೆಲ್ಲೂರಿನ ವೈದ್ಯರಿಂದ ಬಂದ ಅಳತೆ. ಒಳಗೆ ಸಾಸಿವೆಯಂಥ ಚುಕ್ಕೆ, ಅಂದರೆ ಹುಳುವಿನ ತಲೆಯೇ ಕಂಡರಂತೂ ಅನುಮಾನಕ್ಕೆ ಎಡೆಯಿಲ್ಲ. ಕಷ್ಟವಿರುವುದು ಚುಕ್ಕೆ ಕಾಣದ, ಅಳತೆಯೂ ಗಡಿಯ ಮೇಲೆಯೇ ನಿಂತಿರುವ ಉಂಗುರಗಳಲ್ಲಿ.

ಇಂಥ ಹೊತ್ತಿನಲ್ಲಿ ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟರಿಗೆ ‘ಹೀಗೇ ಇನ್ನೊಂದನ್ನು ಎಲ್ಲೋ ನೋಡಿದ್ದೇನಲ್ಲ’ ಎನಿಸಿದರೆ, ಆ ಇನ್ನೊಂದನ್ನು ಹುಡುಕುವುದು ಹೇಗೆ? ಆಸ್ಪತ್ರೆಯ ಚಿತ್ರಸಂಗ್ರಹಕ್ಕೆ ಗೊತ್ತಿರುವುದು ರೋಗಿಯ ಹೆಸರು, ನಂಬರು, ತಾರೀಖು ಮತ್ತು ವರದಿಯ ಪದಗಳು ಮಾತ್ರ. ಒಬ್ಬರು ‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಶನ್’ ಎಂದು ಬರೆದದ್ದನ್ನೇ ಮತ್ತೊಬ್ಬರು ‘ಗ್ರ್ಯಾನುಲೋಮಾ’ ಎಂದಿರುತ್ತಾರೆ. ಪದ ಕೊಟ್ಟರೆ ಪದ ಸಿಗುತ್ತದೆ, ಉಂಗುರ ಸಿಗುವುದಿಲ್ಲ. ಚಿತ್ರವನ್ನೇ ಪ್ರಶ್ನೆಯಾಗಿ ಕೊಡುವ ವಿಧಾನ ಈ ತೊಡಕನ್ನು ದಾಟುತ್ತದೆ. ಅಕ್ಕಪಕ್ಕದ ಬೂದುಬಣ್ಣಗಳು ಎಷ್ಟು ಬಾರಿ ಜೊತೆಯಾಗಿ ಬರುತ್ತವೆಂದು ಎಣಿಸಿ ಚಿತ್ರದ ಮೈವಳಿಕೆಯನ್ನು, ಅಂದರೆ ಅದರ ಒರಟು ನುಣುಪುಗಳನ್ನು, ಅಂಕಿಗಳಲ್ಲಿ ಹಿಡಿಯುವ ಉಪಾಯವನ್ನು ಅಮೆರಿಕದ ಸಂಶೋಧಕ ಹಾರಾಲಿಕ್ ಮತ್ತವರ ಸಂಗಡಿಗರು 1973ರಲ್ಲೇ ಪ್ರಕಟಿಸಿದ್ದರು. ಈಗ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಜಾಲ, ಅಂದರೆ ನ್ಯೂರಲ್ ನೆಟ್‌ವರ್ಕ್, ಪ್ರತಿ ಸ್ಕ್ಯಾನನ್ನೂ ಕೆಲವು ನೂರು ಅಂಕಿಗಳ ಸಾಲಾಗಿಸುತ್ತದೆ. ಹೊಸ ಸಾಲಿಗೆ ಅತಿ ಹತ್ತಿರದ ಹಳೆಯ ಸಾಲುಗಳನ್ನು ಹೆಕ್ಕುವುದಷ್ಟೇ ಹುಡುಕಾಟ.

ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಯಂತ್ರದ ವಿನಯ. ಅದು ‘ಇದು ಕ್ಷಯ’ ಎಂದು ತೀರ್ಪು ಕೊಡುವುದಿಲ್ಲ; ಹತ್ತು ಹಳೆಯ ಚಿತ್ರಗಳನ್ನು ಮುಂದಿಡುತ್ತದೆ, ಒಪ್ಪುವುದೂ ತಳ್ಳುವುದೂ ವೈದ್ಯರ ಕಣ್ಣಿಗೆ ಬಿಟ್ಟದ್ದು. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ, ಅಪರೂಪದ ಗಡ್ಡೆಯೊಂದನ್ನು ಓದಿನ ಅವಧಿಯಲ್ಲಿ ಒಮ್ಮೆಯೂ ಕಾಣದೆ ಹೊರಬೀಳಬಹುದಾದ ವಿದ್ಯಾರ್ಥಿಗೆ ಈ ಸೌಲಭ್ಯದ ಬೆಲೆ ವಿವರಿಸಬೇಕಾಗಿಲ್ಲ.

ವಿರೋಧ

ಮೊದಲ ಆಕ್ಷೇಪ, ಯಂತ್ರಕ್ಕೆ ಯಾವುದು ‘ಹೋಲಿಕೆ’ ಎಂಬುದು. ಸಿ.ಟಿ.ಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000 ಎಂಬ ನಿಗದಿಯಾದ ಮಾಪನವಿದೆ, ಎಂ.ಆರ್.ಐ.ಯ ಬೂದುಬಣ್ಣಕ್ಕೆ ಅಂಥ ಮಾಪನವಿಲ್ಲ. ಒಂದೇ ತಲೆಯನ್ನು ದಾವಣಗೆರೆಯಲ್ಲಿ 1.5 ಟೆಸ್ಲಾ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲೂ ಬೆಂಗಳೂರಿನಲ್ಲಿ 3 ಟೆಸ್ಲಾ ಯಂತ್ರದಲ್ಲೂ ತೆಗೆದರೆ ಅಂಕಿಗಳು ಬೇರೆಯಾಗುತ್ತವೆ. ಇದನ್ನು ಮೊದಲೇ ಸರಿದೂಗಿಸದಿದ್ದರೆ ಹುಡುಕಾಟವು ಒಂದೇ ರೋಗದ ಚಿತ್ರಗಳ ಬದಲು ಒಂದೇ ಯಂತ್ರದ ಚಿತ್ರಗಳನ್ನು ಒಟ್ಟುಗೂಡಿಸಿ ಕೊಡುವ ಅಪಾಯವಿದೆ. ಇದು ಬರಿಯ ಶಂಕೆಯಲ್ಲ: ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಗುರುತಿಸಲು ಕಲಿತ ಜಾಲವು ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೂ ಪತ್ತೆಹಚ್ಚಬಲ್ಲದೆಂದು ಅಮೆರಿಕದಲ್ಲಿ 2018ರಲ್ಲಿ ತೋರಿಸಲಾಯಿತು.

ಎರಡನೆಯದು ಗುಟ್ಟಿನ ಪ್ರಶ್ನೆ. ಹೆಸರು ಅಳಿಸಿದರೂ ತಲೆಯ ಎಂ.ಆರ್.ಐ.ಯಲ್ಲಿ ಮುಖ ಉಳಿದಿರುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 2019ರಲ್ಲಿ 84 ಸ್ವಯಂಸೇವಕರ ಸ್ಕ್ಯಾನ್‌ಗಳಿಂದ ಮುಖಗಳನ್ನು ಮರುರಚಿಸಿ ಫೋಟೊಗಳೊಂದಿಗೆ ಹೋಲಿಸಿದಾಗ, ಶೇ. 83ರಷ್ಟು ಮಂದಿಯನ್ನು ತಂತ್ರಾಂಶ ಸರಿಯಾಗಿ ಗುರುತಿಸಿತು. ಮುಖದ ಭಾಗವನ್ನು ಅಳಿಸುವ ತಂತ್ರಗಳಿವೆ, ನಿಜ. ಆದರೆ ಚಳ್ಳಕೆರೆ ಅಥವಾ ಹೊಳಲ್ಕೆರೆಯ ಹಳ್ಳಿಯೊಂದರಲ್ಲಿ ವಯಸ್ಸು, ತಾಲ್ಲೂಕು ಮತ್ತು ಅಪರೂಪದ ಗಡ್ಡೆಯ ಹೆಸರು ಸೇರಿದರೆ ಮನುಷ್ಯ ಯಾರೆಂದು ತಿಳಿಯಲು ಮುಖವೇ ಬೇಕಿಲ್ಲ.

ಹೆದ್ದಾರಿ 48ರಲ್ಲಿ ತಲೆಗೆ ಪೆಟ್ಟು ಬಿದ್ದು ಚಿತ್ರದುರ್ಗಕ್ಕೆ ಬರುವವರಿಗೆ ಈ ಹುಡುಕಾಟದಿಂದ ಹೆಚ್ಚೇನೂ ಆಗದು; ಹೆಪ್ಪುಗಟ್ಟಿದ ದೊಡ್ಡ ರಕ್ತಗಡ್ಡೆ ಬರಿಗಣ್ಣಿಗೇ ಕಾಣುತ್ತದೆ, ಹುಡುಕುತ್ತ ಕೂರಲು ಸಮಯವೂ ಇರುವುದಿಲ್ಲ.

ನನ್ನನ್ನು ಈ ಕಡೆಗೆ ಹೆಚ್ಚು ಎಳೆಯುವುದು ಮೂರನೆಯ ಮಾತು. ಹಳೆಯ ಉಂಗುರದ ಚಿತ್ರ ಸಿಕ್ಕರೆ ಸಾಲದು, ಆಮೇಲೆ ಏನಾಯಿತೆಂಬುದೂ ಅದರ ಜೊತೆಗಿರಬೇಕು. ಔಷಧಿಗೆ ಉಂಗುರ ಕರಗಿತೇ? ಅಥವಾ ಶಸ್ತ್ರಚಿಕಿತ್ಸೆಯಾಗಿ ಬಯಾಪ್ಸಿಯಲ್ಲಿ ಬೇರೇನೋ ಬಂತೇ? ಇದು ಸಂಗ್ರಹಕ್ಕೆ ಮರಳುವ ಏರ್ಪಾಡು ಎಲ್ಲಿದೆ? ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ ಆ ಹುಡುಗನ ಮನೆಯವರು ಹತ್ತಿರದ, ಅಥವಾ ನೂರಿನ್ನೂರು ಕಡಿಮೆಯಾಗುವ, ಇನ್ನೊಂದು ಸ್ಕ್ಯಾನ್ ಕೇಂದ್ರಕ್ಕೆ ಹೋಗಿರುತ್ತಾರೆ. ಎರಡೂ ಫಿಲ್ಮುಗಳು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಮೂಲೆ ಮಡಚಿಕೊಂಡು, ಮನೆಯ ಬೀರುವಿನ ಮೇಲೆ ಮಲಗಿರುತ್ತವೆ. ಆ ಸ್ಥಿತಿಯಲ್ಲಿ ಹುಡುಕಾಟದ ಯಂತ್ರ ಎಷ್ಟೇ ಚುರುಕಾಗಿ ಹತ್ತು ಉಂಗುರಗಳನ್ನು ಹೆಕ್ಕಿ ತಂದರೂ, ಹತ್ತರ ಕೆಳಗೂ ವೈದ್ಯರು ಓದಬೇಕಾಗಿ ಬರುವುದು ರೋಗಿಯ ಲಕ್ಷಣಗಳೊಂದಿಗೆ ತಾಳೆ ನೋಡಿ ಎನ್ನುವ, ವರದಿಗಳ ಆ ಮಾಮೂಲಿ ಕೊನೆಯ ಸಾಲನ್ನೇ: ‘ಕ್ಲಿನಿಕಲ್ ಕೋರಿಲೇಷನ್ ಅಗತ್ಯ’.