ಎದುರಿನವರ ಮಾತಿಗೆ ಉತ್ತರ ಕೊಡಲೇಬೇಕಾದ ಚರ್ಚೆ

ಪ್ರೌಢಶಾಲೆಯಿಂದ ಪಿಯುಸಿವರೆಗೆ ನಾನು ಹತ್ತಾರು ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿದ್ದೇನೆ, ಬಹುಮಾನಗಳನ್ನೂ ಪಡೆದಿದ್ದೇನೆ. ವಿಷಯವನ್ನು ವಾರದ ಮೊದಲೇ ಸೂಚನಾಫಲಕದಲ್ಲಿ ಹಾಕುತ್ತಿದ್ದರು. ಪರವೋ ವಿರೋಧವೋ ಎಂಬುದನ್ನು ನಾವೇ ಆರಿಸಿಕೊಂಡು, ಕನ್ನಡ ಮೇಷ್ಟ್ರ ನೆರವಿನಿಂದ ಎರಡು ಪುಟ ಬರೆದು, ಆರಂಭಕ್ಕೊಂದು ವಚನ ಹುಡುಕಿ, ಎಲ್ಲವನ್ನೂ ಬಾಯಿಪಾಠ ಮಾಡಿ, ನಾಲ್ಕು ನಿಮಿಷದಲ್ಲಿ ಒಪ್ಪಿಸಿ ವೇದಿಕೆ ಇಳಿಯುತ್ತಿದ್ದೆವು. ನನಗಿಂತ ಮೊದಲು ಮಾತನಾಡಿದವರು ಏನು ಹೇಳಿದರು ಎಂಬುದಕ್ಕೂ ನನ್ನ ಮಾತಿಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ, ಇರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಚರ್ಚೆ ಎಂದು ಕರೆಯಬಾರದಿತ್ತು ಎಂದು ಇವತ್ತು ನನಗೆ ಅನ್ನಿಸುತ್ತದೆ.

ಕಾನೂನು ಓದಲು ಪುತ್ತೂರಿನ ಕಡೆಯಿಂದ ಬೆಂಗಳೂರಿಗೆ ಬಂದ ಮೇಲೆ ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿಯ ಪರಿಚಯವಾಯಿತು. ಚರ್ಚಾಪಟುಗಳು ಅದನ್ನು ಬಿಪಿ ಎಂದೇ ಕರೆಯುತ್ತಾರೆ. 1981ರಲ್ಲಿ ಆರಂಭವಾದ, 2014ರ ಆವೃತ್ತಿ ನಮ್ಮ ನೆರೆಯ ಚೆನ್ನೈಯಲ್ಲಿ ನಡೆದ ವಿಶ್ವವಿದ್ಯಾಲಯಗಳ ವಿಶ್ವ ಚರ್ಚಾ ಚಾಂಪಿಯನ್‌ಷಿಪ್ ಈಗ ನಡೆಯುವುದು ಇದೇ ಪದ್ಧತಿಯಲ್ಲಿ. ಇಬ್ಬಿಬ್ಬರ ನಾಲ್ಕು ತಂಡಗಳಲ್ಲಿ ಎರಡು ಸರ್ಕಾರದ ಕಡೆ, ಎರಡು ವಿರೋಧ ಪಕ್ಷದ ಕಡೆ. ಯಾರು ಯಾವ ಕಡೆ ಎಂಬುದನ್ನು ಸಂಘಟಕರು ನಿಗದಿ ಮಾಡುತ್ತಾರೆ. ಮೋಷನ್, ಅಂದರೆ ಚರ್ಚೆಯ ವಿಷಯ, ಪ್ರಕಟವಾದ 15 ನಿಮಿಷಕ್ಕೆ ಚರ್ಚೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಇಂಟರ್‌ನೆಟ್ ನೋಡುವಂತಿಲ್ಲ, ಜೊತೆಗಾರರನ್ನು ಬಿಟ್ಟು ಬೇರೆ ಯಾರನ್ನೂ ಕೇಳುವಂತಿಲ್ಲ. ಒಬ್ಬೊಬ್ಬರಿಗೆ 7 ನಿಮಿಷ. ಮೊದಲ ಹಾಗೂ ಕೊನೆಯ ನಿಮಿಷವನ್ನು ಬಿಟ್ಟು ನಡುವಿನ ಅವಧಿಯಲ್ಲಿ ಎದುರು ಪಕ್ಷದವರು ಎದ್ದು ನಿಂತು ಪ್ರಶ್ನೆ ಕೇಳಲು ಅವಕಾಶ ಬೇಡಬಹುದು. ಕೊಡುವುದು ಬಿಡುವುದು ಮಾತನಾಡುವವರ ಇಚ್ಛೆಯಾದರೂ, ಒಂದನ್ನೂ ಸ್ವೀಕರಿಸದೆ ಮುಗಿಸಿದರೆ ತೀರ್ಪುಗಾರರು ಅದನ್ನು ಗಮನಿಸದೆ ಇರುವುದಿಲ್ಲ.

ನಿಯಮಗಳನ್ನು ತಿಳಿದುಕೊಳ್ಳಲು ಅರ್ಧ ಗಂಟೆ ಸಾಕು. ಒಂದೇ ಕಡೆಯ ಎರಡು ತಂಡಗಳೂ ಪರಸ್ಪರ ಪ್ರತಿಸ್ಪರ್ಧಿಗಳು ಎಂಬ ಮಾತಿನ ಅರ್ಥ ಮನಸ್ಸಿಗೆ ಇಳಿಯಲು ಮಾತ್ರ ನನಗೊಂದು ಸೋಲು ಬೇಕಾಯಿತು. ಅಂದಿನ ಮೋಷನ್, ‘ಈ ಸದನವು ಮತದಾನವನ್ನು ಕಡ್ಡಾಯಗೊಳಿಸುತ್ತದೆ’ ಎಂಬುದು. ನಮ್ಮದು ಸರ್ಕಾರದ ಕಡೆಯ ಎರಡನೆಯ ತಂಡ. ಎ4 ಹಾಳೆಯನ್ನು ಉದ್ದಕ್ಕೆ ನಾಲ್ಕಾಗಿ ಮಡಿಸಿ, ಒಂದೊಂದು ತಂಡಕ್ಕೆ ಒಂದೊಂದು ಪಟ್ಟಿ ಮಾಡಿಕೊಂಡು ಕುಳಿತಿದ್ದೆ. ಆಸ್ಟ್ರೇಲಿಯಾ 1924ರಲ್ಲೇ ಇಂಥ ಕಾನೂನು ತಂದದ್ದು, ಎಲ್ಲ ವರ್ಗದವರೂ ಮತಗಟ್ಟೆಗೆ ಬಂದರೆ ಪಕ್ಷಗಳು ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುವುದು, ಹೀಗೆ ನಾನು ಬರೆದುಕೊಂಡಿದ್ದ ಒಂದೊಂದು ಅಂಶವನ್ನೂ ನಮಗಿಂತ ಮೊದಲಿನ ತಂಡ ಹೇಳಿ ಮುಗಿಸುತ್ತಾ ಹೋಯಿತು. ನಾನು ಒಂದೊಂದೇ ಸಾಲನ್ನು ಪೆನ್ನಿನಿಂದ ಹೊಡೆದುಹಾಕುತ್ತಾ ಹೋದೆ. ನನ್ನ ಸರದಿ ಬಂದಾಗ ಹಾಳೆಯಲ್ಲಿ ಉಳಿದಿದ್ದ ಸಾಲು ಒಂದೂ ಇರಲಿಲ್ಲ. ಹೊಡೆದುಹಾಕಿದ್ದನ್ನೇ ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳಿದೆ. ನಾಲ್ಕನೆಯ ಸ್ಥಾನ ಬಂತು. ಈ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 3 ಅಂಕ, ಕೊನೆಯ ಸ್ಥಾನಕ್ಕೆ ಸೊನ್ನೆ.

ತೀರ್ಪಿನ ನಂತರ ತೀರ್ಪುಗಾರರೊಬ್ಬರು ನನ್ನನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: ಮತ ಹಾಕಬೇಕೆಂದಿದ್ದೂ ಹಾಕಲಾಗದವರ ಬದುಕಿನಲ್ಲಿ ಈ ಕಾನೂನಿನಿಂದ ಏನು ಬದಲಾಗುತ್ತದೆ? ನಮ್ಮ ಹಾಸ್ಟೆಲಿನ ಪಕ್ಕದಲ್ಲೇ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರು ಯಾದಗಿರಿ, ರಾಯಚೂರಿನ ಕಡೆಯವರು. ಅವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ, ಅವರು ಮಾತ್ರ ಇಲ್ಲಿ ತಗಡಿನ ಶೆಡ್ಡಿನಲ್ಲಿ. ಮತದಾನವನ್ನು ಕಡ್ಡಾಯ ಮಾಡಿದ ಸರ್ಕಾರವು ಅವರ ಕೈಗೆಟಕುವಲ್ಲಿ ಮತಗಟ್ಟೆಯನ್ನೂ ಒದಗಿಸಲೇಬೇಕಾಗುತ್ತದೆ, ಅಂದರೆ ಪ್ರಜೆಗೆ ಹಾಕಿದ ಹೊರೆ ತಿರುಗಿ ಸರ್ಕಾರದ ಹೆಗಲಿಗೇ ಬೀಳುತ್ತದೆ. ಆ ಕೋಣೆಯಲ್ಲಿ ಅಂದು ಯಾರೂ ಹೇಳದಿದ್ದ ವಾದ ಇದು. ದಿನವೂ ಕಣ್ಣೆದುರಿಗಿದ್ದ ಸಂಗತಿಯನ್ನು ಬಿಟ್ಟು, ಓದಿ ತಿಳಿದ ಆಸ್ಟ್ರೇಲಿಯಾವನ್ನು ಹಿಡಿದುಕೊಂಡಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲಿನವರು ಹೇಳಿದ್ದನ್ನು ಅಲ್ಲಗಳೆಯದೆ, ಅದನ್ನೇ ಮತ್ತೆ ಹೇಳದೆ, ವಾದವನ್ನು ಮುಂದಕ್ಕೆ ಒಯ್ಯುವ ಈ ಕೆಲಸಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಕಿವಿಗೊಟ್ಟು ಕೇಳದವರಿಗೆ ಅದು ಸಾಧ್ಯವೇ ಇಲ್ಲ.

ನಿಜ ಹೇಳಬೇಕೆಂದರೆ, ಕರಾವಳಿಯವರಿಗೆ ಇದು ತೀರಾ ಹೊಸದೇನೂ ಅಲ್ಲ. ಅಜ್ಜನ ಜೊತೆ ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ಯಕ್ಷಗಾನ ಕೂಟಕ್ಕೆ, ಹೋಗುತ್ತಿದ್ದಾಗ, ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುವ ಪ್ರಶ್ನೆಗೆ ರಾಮನ ಅರ್ಥಧಾರಿ (ರಾಮನಾಗಿ ಮಾತನಾಡುವ ಕಲಾವಿದ) ಆ ಕ್ಷಣದಲ್ಲೇ ಉತ್ತರ ಕಟ್ಟಬೇಕಾದದ್ದನ್ನು ಕಂಡಿದ್ದೇನೆ. ಇವತ್ತು ರಾಮನಾದವರು ಇನ್ನೊಂದು ಕೂಟದಲ್ಲಿ ವಾಲಿಯಾಗಿ ಅದೇ ಉತ್ತರವನ್ನು ಸೀಳುವುದನ್ನೂ ಕೇಳಿದ್ದೇನೆ. ಆ ಜಾಣ್ಮೆ ನಮ್ಮ ಭಾಷೆಯಲ್ಲಿ ಇರುವಾಗ, ಕನ್ನಡ ಚರ್ಚಾಸ್ಪರ್ಧೆಗಳು ಮಾತ್ರ ಕಂಠಪಾಠದ ಸ್ಪರ್ಧೆಗಳಾಗಿ ಉಳಿದಿರುವುದು ನನಗೆ ನೋವಿನ ಸಂಗತಿ.

ಬಿಪಿಯಲ್ಲಿ ದೋಷಗಳಿಲ್ಲವೆಂದಲ್ಲ. ಉಸಿರು ಬಿಡದೆ ಓಡುವ ಇಂಗ್ಲಿಷ್, ಒಳಗಿನವರಿಗೆ ಮಾತ್ರ ಅರ್ಥವಾಗುವ ಪರಿಭಾಷೆ ಇವು ಕನ್ನಡ ಮಾಧ್ಯಮದಿಂದ ಬಂದವರನ್ನು ಮೊದಲ ಸುತ್ತಿನಲ್ಲೇ ಹೆದರಿಸಿ ಓಡಿಸುತ್ತವೆ. ನನ್ನ ಜೊತೆ ಸೇರಿದ್ದ ಇಬ್ಬರು ಹಾಗೆಯೇ ಬಿಟ್ಟುಹೋದರು. ಆದರೆ ಈ ಪದ್ಧತಿಗೂ ಇಂಗ್ಲಿಷಿಗೂ ಬಿಡಿಸಲಾಗದ ನಂಟೇನೂ ಇಲ್ಲ. ಸ್ಪ್ಯಾನಿಷ್ ಮಾತನಾಡುವವರು ಇದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡು ವಿಶ್ವಮಟ್ಟದ ಸ್ಪರ್ಧೆಯನ್ನೇ ನಡೆಸುತ್ತಾರೆ. ನಮಗಂತೂ ಸದನ, ವಿರೋಧ ಪಕ್ಷದ ನಾಯಕ, ಸಚೇತಕ ಎಂಬ ಪದಗಳನ್ನು ವಿಧಾನಸಭೆಯ ಕಲಾಪಗಳೇ ಬಳಸಿ ಹದಮಾಡಿ ಕೊಟ್ಟಿವೆ.

ಕಳೆದ ಮೂರು ತಿಂಗಳಿಂದ ನಾವು ಎಂಟು ಹತ್ತು ಮಂದಿ ಶನಿವಾರ ಸಂಜೆ ಒಂದು ಖಾಲಿ ತರಗತಿಯಲ್ಲಿ ಕನ್ನಡದಲ್ಲೇ ಬಿಪಿ ಅಭ್ಯಾಸ ಮಾಡುತ್ತಿದ್ದೇವೆ. ಎಕ್ಸ್‌ಟೆನ್ಷನ್‌ಗೆ ‘ಮುಂದುವರಿಕೆ’ ಎನ್ನಬೇಕೋ ‘ವಿಸ್ತರಣೆ’ ಎನ್ನಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹೋದ ವಾರ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು, ಪ್ರಶ್ನೆ ಕೇಳಲು ಎದ್ದು ನಿಂತವನನ್ನು ಕೈಸನ್ನೆಯಿಂದ ಕೂರಿಸಿ, ತನ್ನ ವಾಕ್ಯವನ್ನು ಪೂರ್ತಿ ಮಾಡಿ, ಆಮೇಲೆ ಅವನತ್ತ ತಿರುಗಿ, ‘ಈಗ ಕೇಳಿ’ ಎಂದಳು.